ಇತರೆ

ನಾಲ್ಕು ಚೌಕ ಕೊಟ್ಟು ಕಳಿಸಿದ್ರು ನನ್ನ:
ರುಚಿ, ರೇಟು, ಬಣ್ಣ, ಅಂಗಡ್ಯಾಗ ಸಿಗತೈತೋ ಇಲ್ಲೋ.
ಐದನೇದು ಕೆಳಗ, ಮೂಲ್ಯಾಗ,
ಅರ್ಧ ಗೆರಿಯಷ್ಟ ಜಾಗ: ಇತರೆ.

ಮನಿಗೆ ಹನ್ನೆರಡು ರೂಪಾಯಿ.
ಬೆಟಗೇರ್ಯಾಗ ಇನ್ನೂರು ಮನಿ.
ಈರಬಸಪ್ಪ ಅಂಡ್ ಸನ್ಸ್ ಶೇಂಗಾ ಚಟ್ನಿ
ಹುಬ್ಬಳ್ಳ್ಯಾಗ ಓಡತೈತಿ, ಇಲ್ಲಿ ಯಾಕ ಕುಂತೈತಿ?
ಇದ ಪ್ರಶ್ನಿ. ಉಳದದ್ದು ಬಿಸಲು.

ಮಂದಿ ಚೌಕದಾಗ ಹಿಡೀಲಿಲ್ಲ.
ಒಬ್ಬಾಕಿ ಅಂದ್ಲು, ರುಚಿ ಕೇಳಬ್ಯಾಡ,
ನಮ್ಮತ್ತಿ ಒಳಗ ಕುಂತಾಳ.
ಇನ್ನೊಬ್ಬಾಕಿ ನನ್ನ ಪೆನ್ನು ಇಸಗೊಂಡು
ಮಗಳ ಸಾಲಿ ಅರ್ಜಿ ತುಂಬಿ ತಿರುಗಿ ಕೊಟ್ಲು.
ಒಬ್ಬಾಂವ ಹಾಳಿ ತುದಿ ಮುಟ್ಟಿ,
"ರೇಷನ್ ಕಾರ್ಡಿಂದೇನ್ರಿ ಇದು?"
ಅಲ್ಲ ಅಂದ ಕೂಡಲೆ ಅವನ ಮಾರಿ
ಚಟ್ನಿಗೆ ಹತ್ತಕ್ಕ ಎರಡು ಮಾರ್ಕ್ಸ್ ಕೊಟ್ತು.

ನಾಲ್ವತ್ತೇಳನೇ ಮನಿ. ಮೋತಿಲಾಲಸಾ ಬಾಕಳೆ.
ಖಟಕ್ ಖಟಕ್ ಮಗ್ಗ,
ಮಗ್ಗದ ಬಾಜೂಕ ತೊಟ್ಲು, ತೊಟ್ಲದಾಗ ಮೊಮ್ಮಗಳು.
ನಾ ಒದರಿ ಒದರಿ ಕೇಳಿದೆ.
ರುಚಿ? ಚಲೋ ಐತಿ.
ರೇಟು? ಆಗಬಹುದು.
ಮತ್ತ ಯಾಕ ತಗೋಳ್ದಿಲ್ರಿ?

ಅವರು ಮಗ್ಗ ನಿಲ್ಲಿಸಿದ್ರು.
ಕೂಸು ಕಣ್ಣು ತಗೀತು.
ತಿರುಗಿ ಚಾಲೂ ಮಾಡಿದ್ರು.
ಕೂಸು ಮಲಗ್ತು.

"ನೋಡಿದ್ರಿಲ್ಲೋ? ಸುಮ್ಮನಿದ್ದಾಗ ಅದರ ನಿದ್ದಿ ಭಾಳ ತೆಳ್ಳಗ.
ರಾತ್ರಿ ಹನ್ನೊಂದಕ್ಕ ಉಣ್ಣಾಂವ ನಾ.
ನಿಮ್ಮ ಪಾಕೀಟು ಹರದ್ರ ಚರ್ರ್ ಅಂತೈತಿ.
ಕೂಸು ಏಳತೈತಿ, ಸೊಸಿ ಏಳತಾಳ.
ಚಟ್ನಿ ಖಾರ ಅಲ್ರಿ ಬಾಯಾರ, ಪಾಕೀಟು ಖಾರ."

ಅರ್ಧ ಗೆರ್ಯಾಗ ಎಷ್ಟು ಹಿಡದೀತು?
ಪಾಕೀಟಿನ ಸಪ್ಪಳ. ಕೂಸು.

ಗೋಕುಲ ರೋಡಿನ ಆಫೀಸಿನ್ಯಾಗ
ನನ್ನ ಇನ್ನೂರು ಮನಿ ಪರದೆ ಮ್ಯಾಲ
ಒಂದು ರೊಟ್ಟಿ ಆಗಿದ್ವು, ನಾಕು ತುಣುಕು, ನಾಕು ಬಣ್ಣ.
"ಪ್ರತಿಕ್ರಿಯಿಸಿದವರ ಪೈಕಿ ಶೇಕಡಾ ಅರವತ್ತೊಂದು ಮಂದಿ
ರುಚಿಯನ್ನು ತೃಪ್ತಿಕರವೆಂದು ಪರಿಗಣಿಸಿರುತ್ತಾರೆ."
ನನಗ ಕಂಡದ್ದು ಒಳಗ ಕುಂತ ಆ ಅತ್ತಿ.
ಇತರೆ, ಶೇಕಡಾ ಅರ್ಧ:
ಬೂದಿ ಬಣ್ಣದ್ದು, ಸೂಜಿಯಷ್ಟು.
ನೊಣದ ಕಾಲು ಅಂತ ಒಬ್ಬ ಒರಸಾಕ ಹೋದ.

ಸಾವಕಾರ್ರು ಚಾಳೀಸು ಏರಿಸಿದ್ರು.
"ಯಾರದಿದು ಸಪ್ಪಳ?"
ಬಾಗಲ ಹತ್ರ ಕುಂತಾಕಿ ನಾನು
ನಾಲ್ವತ್ತೇಳು ಅಂದೆ, ಅದ ಅವರ ಹೆಸರು ಅನ್ನೂವಂಗ.
ಒಂದು ಪಾಕೀಟು ಕಿಸೇದಾಗ ಇಟಗೊಂಡು
ಮಾತಾಡದ ಮನಿಗೆ ಹೋದ್ರು.
ರಾತ್ರಿ ಕತ್ತಲದಾಗ ಹರದ್ರೋ ಏನೋ,
ಅವರ ಮನ್ಯಾಗ ಯಾರು ಎದ್ರೋ,
ವರದ್ಯಾಗ ಇಲ್ಲ.

ಎರಡು ತಿಂಗಳಿಗೆ ಪಾಕೀಟು ಬದಲಾತು.
ಮೆತ್ತನ್ನ ಕಾಗದ, ಬಾಯಿಗೆ ದಾರ,
ಬಿಚ್ಚಿದ್ರ ಉಸರು ಬಿಟ್ಟಂಗ.
ಬೆಟಗೇರ್ಯಾಗ ಮಾಲು ಮೂರು ಪಟ್ಟು ಹೋತು.
ಹೊಸಾ ವರದಿ, ಹೊಸಾ ರೊಟ್ಟಿ, ದಪ್ಪ ಅಕ್ಷರ:
"ಬಸ್ ನಿಲ್ದಾಣದ ಬೃಹತ್ ಜಾಹೀರಾತು ಫಲಕವೇ
ಮಾರಾಟದ ಏರಿಕೆಗೆ ಪ್ರಮುಖ ಕಾರಣ."
ಫಲಕದ ಮ್ಯಾಲಿನ ಹುಡಿಗಿ ಹಳೇ ಪಾಕೀಟ ಹಿಡಕೊಂಡು ನಗತಿದ್ಲು.

ಈ ಸಲ ಹಪ್ಪಳ.
ಮನಿಗೆ ಹದಿಮೂರು ರೂಪಾಯಿ, ಓಣಿ ಬ್ಯಾರೆ.
ಮುರದಾಗ ಸಪ್ಪಳ ಬರಲಿಕ್ಕ ಬೇಕಾದ ಮಾಲು ಇದು,
ಎಷ್ಟು ಬರಬೇಕಂತ ಯಾರನ್ನ ಕೇಳ್ಲಿ?
ಫಾರ್ಮ್ ನೋಡಿದೆ. ನಾಲ್ಕ ಚೌಕ.
ಜಾಗ ಉಳಸಾಕ ಐದನೇದು ತಗದಾರ.

ಹಾಳಿ ಹೊಳ್ಳಿಸಿದೆ.
ಹಿಂದ ಪೂರಾ ಖಾಲಿ ಐತಿ.