ಅಂಪೈರನ ಬೆನ್ನು

ಇಪ್ಪತ್ತಮೂರು ವರ್ಷದಿಂದ ನನ್ನ ಬಾಯಲ್ಲಿ ಸೀಟಿ.
ಮೈಗೆ ಮೈ ತಾಗಿತೋ, ಊದುತ್ತೇನೆ.
ಭುಜ ತಗುಲಿತು, ಫ್ರೀ ಹಿಟ್.
ಸೊಂಟ ಅಡ್ಡ ಬಂತು, ಹಸಿರು ಕಾರ್ಡು.
ಪೊನ್ನಂಪೇಟೆಯ ಹುಡುಗಿಯರು ನನಗಿಟ್ಟ ಹೆಸರು
ಮುಟ್ಟಿದರೆ ಮುನಿ.

ಈಗ ಗೋಣಿಕೊಪ್ಪದ ಕಾಫಿ ಗೋದಾಮಿನಲ್ಲಿ
ಬರಿಗಾಲಲ್ಲಿ ನಿಂತಿದ್ದೇನೆ.
ಮಂಡಿನೋವಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದು
ನೆಪ ಅಷ್ಟೆ.
ಹೊಸ ಬೆಳೆ ಬರುವ ತನಕ ಗೋದಾಮು ಖಾಲಿ,
ಗೋಡೆಯಲ್ಲಿನ್ನೂ ಹೋದ ವರ್ಷದ ಹಣ್ಣಿನ ಹುಳಿ ವಾಸನೆ.

ದೇಚಕ್ಕ ಹೇಳುತ್ತಾಳೆ:
ಹೆಜ್ಜೆ ಕಲಿಸುವುದಿಲ್ಲ. ತಾಳವೂ ಇಲ್ಲ.
ಒಬ್ಬರ ಮೈ ಇನ್ನೊಬ್ಬರಿಗೆ ತಾಗಿರಲಿ,
ಅಂಗೈಯಗಲ ಜಾಗ ಸಾಕು.
ಆ ಜಾಗ ಎತ್ತ ಉರುಳುತ್ತದೋ ಅತ್ತ ಹೋಗಿ.
ಬೇಡವೆನಿಸಿದರೆ ಬಿಟ್ಟು ಬನ್ನಿ,
ಕಾರಣ ಯಾರೂ ಕೇಳುವುದಿಲ್ಲ.

ಹಾಗಾದರೆ ಫೌಲ್ ಯಾವುದು? ಅಂದೆ.
ಅವಳು ಸ್ವಲ್ಪ ಯೋಚಿಸಿ,
ಗಟ್ಟಿಯಾಗಿ ಹಿಡಿದುಕೊಳ್ಳುವುದು, ಅಂದಳು.

ಪುತ್ತರಿಯ ಮಂದಿನಲ್ಲಿ ನಾನೂ ಕುಣಿದವನೇ.
ಪರಿಯಕಳಿಯ ಬೆತ್ತ ಮೀನಖಂಡಕ್ಕೆ ಬೀಳುತ್ತದೆ,
ಬಾಸುಂಡೆ ಏಳುತ್ತದೆ,
ಆಮೇಲೆ ಒಂದು ಅಪ್ಪುಗೆ.
ಮುಟ್ಟಲು ನಮಗೆ ಮೊದಲೊಂದು ಪೆಟ್ಟು ಬೇಕು.

ಜೋಡಿ ಸಾಲದೆ ದೇಚಕ್ಕ
ಬೀಗದ ಕೈ ತಂದ ಮೊಯ್ದುವನ್ನೇ ನಿಲ್ಲಿಸಿಕೊಂಡಳು.
ಐವತ್ತು ಕೇಜಿ ಚೀಲ ಹೊತ್ತೂ ಹೊತ್ತೂ
ಹಲಗೆಯಾದ ಬೆನ್ನು, ಕಿವಿಯ ಸಂದಿಯಲ್ಲಿ ಬೀಡಿ.
ಏನ್ ಸಾರ್ ಇದು, ಲೋಡಿಂಗಾ?

ಬೆನ್ನಿಗೆ ಬೆನ್ನು ಕೊಟ್ಟೆವು.
ನಾನು ಗೋಲು ಕಂಬ.
ಸಾರ್, ನೀವು ಪೂರ್ತಿ ಬಂದಿಲ್ಲ, ಅಂದ.
ಅರ್ಧ ತುಂಬಿದ ಚೀಲ ಹೊರೋದೇ ಕಷ್ಟ,
ಅತ್ತಿತ್ತ ಜಾರ್ತದೆ.
ತುಂಬಿ ಕೂತ್ಕೊಳ್ಳಿ.

ತುಂಬಿದೆ.
ಹಿಮ್ಮಡಿ ನೆಲ ಬಿಟ್ಟಿತು.
ತಗಡಿನ ತೂತಿನಿಂದ ಒಂದು ನಾಣ್ಯದಷ್ಟು ಬಿಸಿಲು
ನೇರ ನನ್ನ ಹುಬ್ಬಿನ ಮೇಲೆ.
ಅವನ ಉಸಿರಿಗೆ ನನ್ನ ಪಕ್ಕೆಲುಬು ಏಳುತ್ತಿತ್ತು, ಇಳಿಯುತ್ತಿತ್ತು.
ಅವನ ಭುಜ ದಾಟಿ ನನ್ನ ಸೊಂಟ ಹೋದಾಗ
ಹೊತ್ತವರಾರು, ಹೊರೆ ಯಾವುದು
ಹೇಳಲು ಅಂಪೈರು ಯಾರೂ ಇರಲಿಲ್ಲ.

ಆಮೇಲೆ ಬಿದ್ದೆವು, ಇಬ್ಬರೂ, ಗೋಣಿನಾರಿನ ಧೂಳಿನಲ್ಲಿ.
ಕೈ ತನ್ನಷ್ಟಕ್ಕೇ ಸೀಟಿ ಹುಡುಕಿತು ಕತ್ತಿನಲ್ಲಿ.
ಅದು ಬುಶ್‌ಕೋಟಿನ ಜೇಬಲ್ಲಿತ್ತು,
ಬುಶ್‌ಕೋಟು ಮೊಳೆಗೆ ನೇತಾಡುತ್ತಿತ್ತು.

ಭಾನುವಾರ ಸೆಮಿಫೈನಲ್.
ಇಪ್ಪತ್ತೈದರ ಗೆರೆಯಲ್ಲಿ ಎರಡು ಹುಡುಗಿಯರು ಡಿಕ್ಕಿಯಾದರು.
ಒಬ್ಬಳ ತೂಕ ಇನ್ನೊಬ್ಬಳೊಳಗೆ ಹೋಗಿ
ತಿರುಗಿ ಬರುವುದನ್ನು ನೋಡುತ್ತಾ ನಿಂತೆ.

ಊದಿದೆ, ಊದದೆ ಉಂಟೆ.
ಒಂದು ಉಸಿರು ತಡವಾಗಿ.
ಕೋಚು ಬೈದದ್ದು ಬೇಲಿಯಾಚೆಗೂ ಕೇಳಿಸಿತಂತೆ.