ಹಸಿ ಅಕ್ಕಿ

ಅಕ್ಕಿ ಕದ್ದು ತಿಂತೀಯಂತ
ಮಂಡಕ್ಕಿ ಭಟ್ಟಿ ಸಾವ್ಕಾರ
ಬಟವಾಡೆಯಲ್ಲಿ ನಲವತ್ತು ರೂಪಾಯಿ ಹಿಡಿದ.
ಕದ್ದದ್ದು ಹೌದು.
ಉಪ್ಪುನೀರು ಹತ್ತುವ ಮುಂಚೆ
ಒಂದು ಚಿಟಿಕೆ ದವಡೆಗಿಟ್ಟು ಕಟುಂ ಕಟುಂ.
ಯಾಕಂತ ನನಗೇ ಗೊತ್ತಿರಲಿಲ್ಲ.

ತಿಂಗಳಲ್ಲಿ ಹದಿನೈದು ದಿನ ಕಪ್ಪು ಸೀರೆ.
ಕೂತ ಮಣೆಯ ಮೇಲೆ ಗೋಣಿತಾಟು,
ತಾಟಿನ ಮೇಲೆ ಮಡಿಸಿದ ಹಳೆ ಲಂಗ.
ಎದ್ದರೆ ಮೊದಲು ಹಿಂದೆ ನೋಡಿಕೊಳ್ಳೋದು,
ಆಮೇಲೆ ಮುಂದೆ.
ನಾಕು ಮೆಟ್ಟಿಲು ಹತ್ತಿದರೆ
ಕಿವಿಯೊಳಗೆ ಭಟ್ಟಿ ಉರಿಯೋ ಸದ್ದು.
ಮುಟ್ಟು ನಿಲ್ಲೋ ವಯಸ್ಸು, ಹಂಗೇ, ಅಂದಳು ಅತ್ತಿಗೆ.
ನನಗಿನ್ನೂ ಮೂವತ್ತೆಂಟು.

ದಾವಣಗೆರೆ ದೊಡ್ಡಾಸ್ಪತ್ರೆಗೆ ಎಳಕೊಂಡು ಹೋದದ್ದು ಬೀಬಿಜಾನ್,
ಆಟೋ ದುಡ್ಡೂ ಅವಳದೇ.
ಎಷ್ಟು ಹೋಗುತ್ತೆ? ಕೇಳಿದರು ಡಾಕ್ಟ್ರಮ್ಮ.
ಸೇರಿನಲ್ಲಿ ಹೇಳಲೋ, ಬಟ್ಟೆಯಲ್ಲೋ?
ಗಡ್ಡೆಯಂತೆ, ನೆಲ್ಲಿಕಾಯಿ ಗಾತ್ರದ್ದು ಎರಡು;
ರಕ್ತ ಆರೂವರೆ.
ಕೆಳರೆಪ್ಪೆ ಎಳೆದು ನೋಡಿ, ಬರೆಯುತ್ತಲೇ,
"ಮಣ್ಣು, ಬಳಪ, ಹಸಿ ಅಕ್ಕಿ, ಏನಾದ್ರೂ ತಿನ್ನಬೇಕು ಅನಿಸುತ್ತಾ?"

ಸಾವ್ಕಾರ ಇವರಿಗೂ ಹೇಳಿಬಿಟ್ಟನಾ?

"ಅದೂ ಕಾಯಿಲೆದೇ ಗುರುತಮ್ಮಾ."
ಬೀಬಿಜಾನ್ ನಕ್ಕಳು. ನನಗೆ ಅಳು.

ಮೂರು ತಿಂಗಳು ಸೂಜಿ, ರಕ್ತ ತಡೆಯೋ ಮಾತ್ರೆ,
ನಿಂಬೆರಸದ ಜೊತೆ ಕಬ್ಬಿಣದ ಗುಳಿಗೆ, ಮೇಲೆ ಚಾ ಕುಡಿಯಂಗಿಲ್ಲ.
ಕಕ್ಕಸು ಕರ್ರಗಾದರೆ ಹೆದರಬೇಡ ಅಂದಿದ್ದರು.
ಹೆದರಿದೆ.
ಗಡ್ಡೆ ಇನ್ನೂ ಐತೆ;
ಯುಗಾದಿ ಕಳೆದ ಮೇಲೆ ಮತ್ತೆ ಸ್ಕ್ಯಾನು.

ಇವತ್ತು ಮೊರದ ತುಂಬ ಅಕ್ಕಿ ಕೇರಿದೆ.
ಬಾಯಿ ಒಂದು ಕಾಳೂ ಕೇಳಲಿಲ್ಲ.
ಸೆರಗಿಗೆ ಕೈ ಒರೆಸಿ
ಸಾವ್ಕಾರನ ಮುಂದೆ ಆಸ್ಪತ್ರೆ ಚೀಟಿ ಹಿಡಿದೆ:
ಆ ನಲವತ್ತು ರೂಪಾಯಿ ಕೊಡ್ರಿ.