ತಲಿ ಬಗ್ಗಿಸಿ

ಪುಷ್ಯಮಾಸದ ನಸುಕಿನ್ಯಾಗ, ಹೆರಕಲ್ ಹಿನ್ನೀರಿನ ದಂಡಿಗೆ
ಪಟ್ಟೆತಲಿ ಬಾತು ಹಿಡೀಬೇಕಂತ ಕ್ಯಾಮೆರಾ ಹೂಡಿ ಕುಂತೆ.
ಸಿಕ್ಕಿದ್ದು ಸೀತನಿ ಸುಡೋ ಹೊಗಿ,
ಹೊಗಿಯಾಚೆ ದುಂಡವ್ವನ ಹಸರ ಬಳಿ.

"ನನ್ನ ಮಾರಿ ಎಲ್ಲೈತೋ ತಮ್ಮಾ?"

ಆಷಾಢಕ್ಕ ಗಾಳಿ. ಸೆರಗು ಅಡ್ಡ.
ಮಾನೌಮಿಗೆ ನೀರು ತುಂಬಿ, ಬಿಸಲು ಚೆಲ್ಲಿ,
ಹೊಲಕ್ಕ ಹೊಂಟಾಕಿ ಬರೇ ಒಂದು ಕರೇ ಗೆರಿ.
ಆಕಿಗೆ ನಗಿ. ನನಗ ಸಿಟ್ಟು.

ಚೈತ್ರದಾಗ ಘಟಪ್ರಭೆ ಒಳಸರದು
ಮುಳಗಿದ್ದ ಓಣಿ ಮ್ಯಾಲೆದ್ದಿತು:
ಗ್ವಾಡಿಲ್ಲ, ಮಾಳಿಗಿಲ್ಲ,
ಸಿಂಪು ಮೆತ್ತಿದ ಹೊಸ್ತಿಲಷ್ಟ.
ದುಂಡವ್ವ ಹೊಳ್ಳಿ ನೋಡದ
ತಲಿ ಬಗ್ಗಿಸಿ ಒಳಗ ಹೋದ್ಲು.
ಬಾಗಿಲ ಗಿಡ್ಡಿತ್ತಂತ, ಆಗ.

ಫೋಟೋ ನೋಡಿದವರು ಕೇಳತಾರ,
ಯಾ ದೇವರಿಗೆ ಬಾಗ್ಯಾಳ ಈಕಿ?

ಮಾರಿ ಈ ಸಲಾನೂ ಬಂದಿಲ್ಲ.